ದಂಡಿನ ಆಸ್ಪತ್ರೆಯ ದೀಪ

ಶಾಲೆಯ ಪಾಠದ ಪುಸ್ತಕಗಳಲ್ಲಿ ಒಂದು ಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಕತ್ತಲೆ ಕವಿದ ಉದ್ದನೆಯ ಪಡಸಾಲೆ. ಎರಡು ಪಕ್ಕದಲ್ಲಿಯೂ ಸಾಲಾಗಿ ಮಲಗಿರುವ ಗಾಯಾಳುಗಳು. ಅವರ ನಡುವೆ ಕೈಯಲ್ಲಿ ದೀಪ ಹಿಡಿದು ಮೆಲ್ಲನೆ ನಡೆದು ಬರುವ ಒಬ್ಬ ಮಹಿಳೆ. ಆಕೆಯೇ ಫ್ಲಾರೆನ್ಸ್ ನೈಟಿಂಗೇಲ್. ದಂಡಿನ ದಾದಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಮೂರ್ತಿ ಇದೇ. ನಾವೂ ಕಾಲೇಜಿನಲ್ಲಿ ಕ್ರಿಮಿಯಾ ಯುದ್ಧದ ಪಾಠ ಹೇಳುವಾಗ ಹಲವು ವರ್ಷ ಈ ಚಿತ್ರವನ್ನೇ ಬಣ್ಣಿಸಿ, ಇಡೀ ತರಗತಿ ನಿಶ್ಶಬ್ದವಾದುದನ್ನು ಕಂಡು, ಪಾಠ ಚೆನ್ನಾಗಿ ನಡೆಯಿತೆಂದು ತೃಪ್ತಿಪಟ್ಟುಕೊಂಡಿದ್ದೆವು. ಆಮೇಲೆ ಆ ಆಸ್ಪತ್ರೆಯ ಸಾವಿನ ಲೆಕ್ಕವನ್ನು ಗಮನವಿಟ್ಟು ನೋಡುವ ಸಂದರ್ಭ ಒದಗಿತು. ದೀಪ ಬಂದ ಮೇಲೆ ಸಾವು ಕಡಮೆಯಾಗಿರಬೇಕೆಂದು ನಾವು ಎಣಿಸಿದ್ದೆವು. ನೋಡಿದರೆ, ಆ ಚಳಿಗಾಲವೆಲ್ಲ ಅದು ಏರುತ್ತ ಹೋಗಿತ್ತು. ಹಾಗೇಕಾಯಿತು, ಅದನ್ನು ತಿಳಿದ ಮೇಲೆ ಆಕೆ ಏನು ಮಾಡಿದಳು, ಅದರಿಂದ ನಮ್ಮ ದೇಶಕ್ಕೆ ಬಂದ ಫಲವೇನು ಎಂಬುದೇ ಇಂದಿನ ನಮ್ಮ ಮಾತಿನ ವಿಷಯ.

1854ರ ಮಾರ್ಚಿಯಲ್ಲಿ ಬ್ರಿಟನ್ನೂ ಫ್ರಾನ್ಸೂ ತುರ್ಕಿಯ ಪಕ್ಷ ವಹಿಸಿ ರಷ್ಯದ ಮೇಲೆ ಯುದ್ಧ ಸಾರಿದವು. ಸೆಪ್ಟೆಂಬರಿನಲ್ಲಿ ಅವರ ಸೈನ್ಯಗಳು ಕಪ್ಪು ಸಮುದ್ರದ ಉತ್ತರಕ್ಕಿರುವ ಕ್ರಿಮಿಯಾ ಪರ್ಯಾಯದ್ವೀಪದಲ್ಲಿ ಇಳಿದು, ಅದೇ ತಿಂಗಳ 20ರಂದು ಆಲ್ಮಾ ನದಿಯ ದಡದಲ್ಲಿ ಜಯ ಪಡೆದವು. ಗೆದ್ದ ಪಕ್ಷದ ಗಾಯಾಳುಗಳಿಗೆ ಮಾತ್ರ ದಿಕ್ಕಿರಲಿಲ್ಲ. ಬ್ರಿಟಿಷ್ ಸಿಪಾಯಿಗಳನ್ನು ಹಡಗುಗಳಲ್ಲಿ ತುಂಬಿ, ಸಮುದ್ರ ದಾಟಿಸಿ, ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಎದುರಾಗಿರುವ ಸ್ಕುಟಾರಿಗೆ ಕಳುಹುತ್ತಿದ್ದರು. ಅಲ್ಲಿ ತುರ್ಕಿಯವರ ದೊಡ್ಡದೊಂದು ಸೈನಿಕ ಠಾಣ್ಯವನ್ನೇ ಆಸ್ಪತ್ರೆಯಾಗಿ ಮಾಡಿಕೊಂಡಿದ್ದರು. ಹಾಸಲು ಹಾಸಿಗೆ ಸಾಲದು, ಕಟ್ಟಲು ಬಟ್ಟೆ ಸಾಲದು, ನೋಡಿಕೊಳ್ಳುವವರಿಗೆ ತರಬೇತು ಇಲ್ಲ. ಫ್ರೆಂಚರ ಕಡೆ ಧರ್ಮಸೋದರಿಯರು ಶುಶ್ರೂಷೆಗೆ ಬಂದಿದ್ದರು. ಬ್ರಿಟಿಷರ ಕಡೆ ಯಾರೂ ಇರಲಿಲ್ಲ. ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರರು ಈ ಸಂಗತಿಯನ್ನೆಲ್ಲ ಬರೆದು ಕಳುಹಿದಾಗ ಇಂಗ್ಲೆಂಡಿನ ಜನ ಕೆರಳಿದರು. ಯುದ್ಧದ ಸುದ್ದಿ ಹೀಗೆ ವಾರವಾರವೂ ಮನೆಮನೆಗೆ ಮುಟ್ಟಿದುದು ಆ ದೇಶಕ್ಕೆ ಹೊಸ ಅನುಭವವಾಗಿತ್ತು.

ಆಗ ಯುದ್ಧ ಮಂತ್ರಿಗಳಲ್ಲೊಬ್ಬನಾಗಿದ್ದ ಸಿಡ್ನಿ ಹರ್ಬರ್ಟನು ಅಕ್ಟೋಬರ್ 15ರಂದು ನೈಟಿಂಗೇಲಳಿಗೆ ಕಾಗದ ಬರೆದು, ದಾದಿಯರ ತಂಡವೊಂದನ್ನು ಕಟ್ಟಿಕೊಂಡು ಹೋಗಬೇಕೆಂದು ಕೇಳಿಕೊಂಡನು. ಆಕೆಗೆ ಆಗ 34 ವರ್ಷ. ಸಿರಿವಂತರ ಮನೆಯ ಮಗಳು. ಗಣಿತವನ್ನು ಹಟದಿಂದ ಕಲಿತವಳು. ರೋಗಿಗಳ ಶುಶ್ರೂಷೆ ಮಾಡುತ್ತೇನೆಂದಾಗ ಮನೆಯವರು ವರ್ಷಗಟ್ಟಲೆ ಅಡ್ಡಿಮಾಡಿದ್ದರು. ಆ ಕಾಲದಲ್ಲಿ ಆಸ್ಪತ್ರೆಯ ದಾದಿ ಎಂದರೆ ಗೌರವಸ್ಥರು ಮೂಗು ಮುರಿಯುತ್ತಿದ್ದರು. ಅದೆಲ್ಲವನ್ನೂ ದಾಟಿ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಕೆಲಸ ಕಲಿತು, 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ವಹಿಸಿದ್ದಳು. ಹರ್ಬರ್ಟನ ಕಾಗದ ಬಂದ ಆರೇ ದಿನಗಳಲ್ಲಿ, ಅಕ್ಟೋಬರ್ 21ರಂದು, 38 ಮಂದಿ ಹೆಂಗಸರೊಡನೆ ಹೊರಟು ನವೆಂಬರ್ 4ರಂದು ಸ್ಕುಟಾರಿಯನ್ನು ಮುಟ್ಟಿದಳು. ಅವರಲ್ಲಿ 14 ಮಂದಿ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿದಿದ್ದವರು. ಉಳಿದ 24 ಮಂದಿ ಬೇರೆ ಬೇರೆ ಧಾರ್ಮಿಕ ಸಂಘಗಳ ಸೋದರಿಯರು. ಹೋಗಲು ಬಯಸಿದ ಎಲ್ಲರಿಗೂ ಈ ಬಾಗಿಲು ತೆರೆಯಲಿಲ್ಲ. ಜಮೈಕಾ ದ್ವೀಪದಿಂದ ಬಂದಿದ್ದ ಮೇರಿ ಸೀಕೋಲ್ ಎಂಬ ಅನುಭವಸ್ಥೆಯನ್ನು ಲಂಡನ್ನಿನಲ್ಲಿ ತಿರುಗಿ ಕಳುಹಿಸಿದರು. ತನ್ನ ಮೈಬಣ್ಣವೇ ಅದಕ್ಕೆ ಕಾರಣವಿರಬಹುದೇ ಎಂದು ಆಕೆ ನೊಂದುಕೊಂಡಳು. ಕೊನೆಗೆ ಸ್ವಂತ ಖರ್ಚಿನಲ್ಲಿಯೇ ಹೋಗಿ, ಬಾಲಕ್ಲಾವಾದ ಬಳಿ ಒಂದು ವಸತಿಗೃಹವನ್ನು ನಡೆಸುತ್ತ, ಕಾಯಿಲೆಯವರಿಗೂ ಗಾಯಗೊಂಡವರಿಗೂ ಉಪಚಾರ ಮಾಡಿದಳು.

ಸ್ಕುಟಾರಿಯ ವೈದ್ಯರಿಗೆ ಈ ಹೆಂಗಸರು ಬಂದುದು ಸರಿಬೀಳಲಿಲ್ಲ. ನೈಟಿಂಗೇಲ್ ಜಗಳಕ್ಕೆ ಹೋಗಲಿಲ್ಲ. ವೈದ್ಯರು ಕರೆಯುವವರೆಗೆ ಒಬ್ಬ ದಾದಿಯೂ ರೋಗಿಯ ಬಳಿಗೆ ಹೋಗಕೂಡದೆಂದು ತನ್ನವರಿಗೆ ಕಟ್ಟಪ್ಪಣೆ ಮಾಡಿದಳು. ಎದುರಿಗೆ ಜನ ನರಳುತ್ತಿರುವಾಗ ಕೈಕಟ್ಟಿ ಕುಳಿತಿರುವುದು ಆ ಹೆಂಗಸರಿಗೆ ಎಷ್ಟು ಕಷ್ಟವಾಗಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಆದರೆ ನವೆಂಬರ್ 5ರಂದು ಇಂಕರ್ಮನ್ ಎಂಬಲ್ಲಿ ಘೋರ ಕದನವಾಗಿ, ಹಡಗು ಹಡಗಾಗಿ ಗಾಯಾಳುಗಳು ಬಂದಿಳಿದಾಗ ವೈದ್ಯರೇ ಆಕೆಯನ್ನು ಕರೆಯಬೇಕಾಯಿತು.

ಮುಂದೆ ಆಕೆ ಮಾಡಿದ ಕೆಲಸದಲ್ಲಿ ದೀಪ ಹಿಡಿದು ನಡೆದುದು ಒಂದು ಚಿಕ್ಕ ಭಾಗ. ಆ ದೀಪವೂ ಚಿತ್ರಗಳಲ್ಲಿ ಕಾಣುವ ಹಣತೆಯಂಥದಲ್ಲ. ಮಡಿಸಿಡಬಹುದಾದ ತುರ್ಕಿಯ ಕಂದೀಲು. ಹಗಲೆಲ್ಲ ಆಕೆಗೆ ಉಗ್ರಾಣದ ಚಿಂತೆ. ಸರಕಾರದ ಉಗ್ರಾಣದಿಂದ ಒಂದು ಅಂಗಿ ಹೊರಗೆ ಬರಬೇಕಾದರೂ ಕಾಗದಪತ್ರಗಳು ಹಲವರ ಕೈ ದಾಟಬೇಕಾಗಿತ್ತು. ಟೈಮ್ಸ್ ಪತ್ರಿಕೆ ಕೂಡಿಸಿದ ನಿಧಿಯಿಂದಲೂ ತನ್ನ ಸ್ವಂತ ಹಣದಿಂದಲೂ ಆಕೆ ಅಂಗಿ, ತಟ್ಟೆ, ಸಾಬೂನು, ಕಸಬರಿಕೆಗಳನ್ನು ಪೇಟೆಯಲ್ಲಿ ಕೊಂಡು ತರಿಸಿದಳು. ಒಂದು ಮನೆಯನ್ನು ಹಿಡಿದು, ಹಂಡೆಗಳನ್ನು ಹೂಡಿಸಿ, ಬಿಸಿನೀರಿನಲ್ಲಿ ಬಟ್ಟೆ ಒಗೆಯುವ ಏರ್ಪಾಟು ಮಾಡಿದಳು. ಕಾಯಿಲೆಯವರಿಗೆ ತಕ್ಕ ಪಥ್ಯದ ಅಡುಗೆ ಮಾಡಿಸಿದಳು. ಹಾಳುಬಿದ್ದಿದ್ದ ಕೊಠಡಿಗಳನ್ನು ಕೆಲಸಗಾರರಿಗೆ ತಾನೇ ಕೂಲಿ ಕೊಟ್ಟು ದುರಸ್ತು ಮಾಡಿಸಿದಳು. ಸತ್ತವರ ಮನೆಗಳಿಗೆ ಕಾಗದ ಬರೆಯುವುದು, ಸಿಪಾಯಿಗಳ ಸಂಬಳದ ಉಳಿತಾಯವನ್ನು ಅವರವರ ಊರಿಗೆ ಕಳುಹಿಸುವುದು, ಇವೂ ಆಕೆಯ ಕೆಲಸಗಳಾದವು.

ಇಷ್ಟಾದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಅದು ಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ 42ರಷ್ಟಾಗಿತ್ತು. ಅವರಲ್ಲಿ ಬಹುಮಂದಿ ಗುಂಡಿನ ಗಾಯದಿಂದ ಸತ್ತವರಲ್ಲ. ಭೇದಿ, ಆಮಶಂಕೆ, ವಿಷಮಜ್ವರ, ಕಾಲರಾಗಳಿಂದ ಸತ್ತವರು. ಆ ಭವ್ಯವಾದ ಕಟ್ಟಡದ ಕೆಳಗೆ ಕೊಳಚೆಯ ಕಾಲುವೆಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಮಾರ್ಚಿಯಲ್ಲಿ ಬ್ರಿಟಿಷ್ ಸರಕಾರ ಕಳುಹಿದ ನೈರ್ಮಲ್ಯ ಆಯೋಗ ಬಂದಿಳಿಯಿತು. ಡಾಕ್ಟರ್ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಮೊದಲಾದವರು ಅದರ ಸದಸ್ಯರು. ಆಸ್ಪತ್ರೆಗೆ ನೀರು ತರುವ ಕಾಲುವೆಯಲ್ಲಿ ಒಂದು ಸತ್ತ ಕುದುರೆ ಬಿದ್ದಿದ್ದುದನ್ನು ಅವರು ಕಂಡರು. ಮೋರಿಗಳನ್ನು ತೊಳೆಸಿದರು, ಕೊಳೆತುದನ್ನೆಲ್ಲ ಸಾಗಹಾಕಿಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ತಿಂಗಳ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಬೇಸಗೆ ಬಂದುದು, ರೋಗಿಗಳ ನೂಕುನುಗ್ಗಲು ಕಡಮೆಯಾದುದು, ಆಹಾರ ಸುಧಾರಿಸಿದುದು, ಇವೂ ಸ್ವಲ್ಪಮಟ್ಟಿಗೆ ನೆರವಾದುವೆಂದು ಒಪ್ಪಬೇಕು. ಆದರೂ ಸುಣ್ಣ ಮತ್ತು ಗುದ್ದಲಿಗಳ ಪಾಲು ಅಲ್ಪವಾದುದಲ್ಲ.

ಯುದ್ಧ ಮುಗಿದು 1856ರ ಆಗಸ್ಟಿನಲ್ಲಿ ನೈಟಿಂಗೇಲ್ ತಾಯ್ನಾಡಿಗೆ ಹಿಂದಿರುಗಿದಾಗ ಜನ ಆಕೆಯನ್ನು ದೇವತೆಯೆಂದು ಕೊಂಡಾಡುತ್ತಿದ್ದರು. ಆಕೆ ಮೆರವಣಿಗೆಗಳನ್ನು ತಪ್ಪಿಸಿಕೊಂಡು ಲೆಕ್ಕದ ಮುಂದೆ ಕುಳಿತಳು. ಜನನ ಮರಣಗಳ ಅಂಕಿಗಳಲ್ಲಿ ನಿಪುಣನಾದ ವಿಲಿಯಂ ಫಾರನು ಜೊತೆಗಿದ್ದನು. ಲೆಕ್ಕ ಹೇಳಿದುದು ಇಷ್ಟು: ಈ ಯುದ್ಧದಲ್ಲಿ ಸತ್ತ ಸುಮಾರು 21,000 ಬ್ರಿಟಿಷ್ ಸಿಪಾಯಿಗಳಲ್ಲಿ ಸುಮಾರು 16,000 ಮಂದಿ ಸತ್ತುದು ರೋಗದಿಂದ. ಆ ಮೊದಲ ಚಳಿಗಾಲದಲ್ಲಿ, ರೋಗಿಗಳು ಅರೆಜೀವವಾಗಿ ಬಂದುದರಿಂದಲೂ ಸಾಮಾನಿನ ಅಭಾವದಿಂದಲೂ ಸತ್ತರೆಂದು ಆಕೆ ನಂಬಿದ್ದಳು. ತನ್ನ ಆಸ್ಪತ್ರೆಯೇ ಅವರನ್ನು ಕೊಲ್ಲುತ್ತಿತ್ತೆಂಬುದು ಆಕೆಗೆ ಅರಿವಾದುದು ಈ ಅಂಕಿಗಳನ್ನು ಕಂಡ ಮೇಲೆ, ಆ ಅರಿವೇ ಆಕೆಯ ಮುಂದಿನ ಬಾಳನ್ನು ತಿರುಗಿಸಿತು ಎಂದು ಹ್ಯೂ ಸ್ಮಾಲ್ ಎಂಬ ಲೇಖಕನು 1998ರಲ್ಲಿ ವಾದಿಸಿದನು. ಈ ವಾದವನ್ನು ಎಲ್ಲ ಚರಿತ್ರಕಾರರೂ ಒಪ್ಪಿಲ್ಲ. ಆಕೆಯ ಅಂತರಂಗದ ಮಾತು ಹೇಗೇ ಇರಲಿ, ಆಕೆಯ ಕೃತಿ ನಮ್ಮ ಕಣ್ಣಮುಂದಿದೆ. 1858ರಲ್ಲಿ ಆಕೆ ಸಿದ್ಧಪಡಿಸಿದ ದೀರ್ಘವಾದ ವರದಿಯಲ್ಲಿ ಸ್ಕುಟಾರಿಯ ಸಾವನ್ನು ಮರೆಮಾಚಲಿಲ್ಲ. ಅಂಕಿಗಳನ್ನು ಓದುವ ತಾಳ್ಮೆಯಿಲ್ಲದ ಮಂತ್ರಿಗಳಿಗೂ ತಿಳಿಯಲೆಂದು, ತಿಂಗಳಿಗೊಂದು ದಳವುಳ್ಳ ಹೂವಿನಂತೆ ಬಣ್ಣದ ನಕ್ಷೆಗಳನ್ನು ಬರೆಯಿಸಿದಳು. ಅವುಗಳಲ್ಲಿ ತಡೆಯಬಹುದಾಗಿದ್ದ ರೋಗಗಳಿಂದಾದ ಸಾವಿಗೆ ನೀಲಿ ಬಣ್ಣ. ನಕ್ಷೆಯನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಆ ನೀಲಿಯೇ. ತಾನು ಮೇಲ್ವಿಚಾರಣೆ ಮಾಡಿದ ಕಡೆ ನಡೆದ ಅನಾಹುತವನ್ನು ತಾನೇ ಲೆಕ್ಕ ಹಾಕಿ ಅಧಿಕಾರಿಗಳ ಮುಂದಿಡುವುದು ಸುಲಭವಾದ ಕೆಲಸವಲ್ಲ. ದೀಪಕ್ಕಿಂತ ಈ ಲೆಕ್ಕವೇ ಹೆಚ್ಚಿನದೆಂದು ನಮ್ಮ ಭಾವನೆ.

ಈ ಲೆಕ್ಕ ಹಾಕುವ ಪದ್ಧತಿಯೇ ನಮ್ಮ ದೇಶಕ್ಕೂ ಬಂದಿತು. ಭಾರತದಲ್ಲಿದ್ದ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ಒಂದು ರಾಜಾಯೋಗ ನೇಮಕವಾಯಿತು. ನೈಟಿಂಗೇಲ್ ಭಾರತವನ್ನು ಎಂದೂ ಕಂಡವಳಲ್ಲ. ಕಾಯಿಲೆಯಿಂದ ಬಹುಕಾಲ ಹಾಸಿಗೆ ಹಿಡಿದಿದ್ದವಳು. ಆದರೂ ಇಲ್ಲಿನ ದಂಡುಗಳಿಗೆಲ್ಲ ಪ್ರಶ್ನಾವಳಿಗಳು ಹೋಗಿ, ಕುಡಿಯುವ ನೀರು, ಚರಂಡಿ, ಸಿಪಾಯಿಗಳ ವಸತಿ, ಆಸ್ಪತ್ರೆ, ಇವುಗಳ ವಿಷಯವಾಗಿ ಬಂದ ಉತ್ತರಗಳನ್ನು ಆಕೆ ಕಟ್ಟುಕಟ್ಟಾಗಿ ಓದಿ ತನ್ನ ಅಭಿಪ್ರಾಯ ಬರೆದಳು. 1863ರಲ್ಲಿ ಹೊರಬಿದ್ದ ವರದಿಯಂತೆ, ಇಲ್ಲಿ ಬ್ರಿಟಿಷ್ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಹತ್ತು ವರ್ಷಗಳ ತರುವಾಯ ಈ ಪ್ರಮಾಣ 18ಕ್ಕೆ ಇಳಿದಿತ್ತೆಂದು ಆಕೆಯೇ 1873ರಲ್ಲಿ ತಿಳಿಸಿದ್ದಾಳೆ. ದಂಡಿನ ಗಡಿಯ ಆಚೆ ಇದ್ದ ಹಳ್ಳಿಗಳ ಜನರಿಗೂ ಒಳ್ಳೆಯ ನೀರು ಬೇಕೆಂದು ಆಕೆ ಕೊನೆಯವರೆಗೂ ಬರೆಯುತ್ತಿದ್ದಳು. ಆ ಮಾತಿಗೆ ಮಾತ್ರ ಸರಕಾರದ ಕಿವಿ ಅಷ್ಟು ಬೇಗ ತೆರೆಯಲಿಲ್ಲ.

ತರಬೇತಾದ ದಾದಿಯರು ಭಾರತದ ಸೈನಿಕ ಆಸ್ಪತ್ರೆಗಳಿಗೆ ಬಂದುದು 1888ರಲ್ಲಿ. ಸೇನಾಧಿಪತಿ ರಾಬರ್ಟ್ಸನ ಪತ್ನಿ ಇದಕ್ಕಾಗಿ ಪ್ರಯತ್ನಪಟ್ಟಿದ್ದಳು. ಆ ವರ್ಷ ಮುಂಬಯಿಯಲ್ಲಿ ಇಳಿದವರು ಹತ್ತೇ ಮಂದಿ. ಅವರ ಹಿರಿಯಳಾದ ಕ್ಯಾಥರಿನ್ ಲಾಕ್ ರಾವಲ್ಪಿಂಡಿಯಲ್ಲಿ ಕೆಲಸ ಆರಂಭಿಸಿದಳು. ಅವರ ಶುಶ್ರೂಷೆ ಬ್ರಿಟಿಷ್ ಸಿಪಾಯಿಗಳಿಗೆ. ಭಾರತೀಯ ಸಿಪಾಯಿಗೆ ಬಹುಕಾಲ ಆ ಭಾಗ್ಯ ದೊರೆಯಲಿಲ್ಲ.

ಕಲಿತ ಪಾಠ ಮರೆತರೆ ಏನಾಗುವುದೆಂಬುದನ್ನು ಒಂದನೆಯ ಮಹಾಯುದ್ಧ ತೋರಿಸಿತು. 1915ರ ನವೆಂಬರಿನಲ್ಲಿ ಮೆಸೊಪೊಟೇಮಿಯದ ಟೆಸಿಫನ್ ಕದನದ ತರುವಾಯ, ಭಾರತೀಯರೂ ಬ್ರಿಟಿಷರೂ ಆದ ಸಾವಿರಾರು ಗಾಯಾಳುಗಳನ್ನು ಟೈಗ್ರಿಸ್ ನದಿಯಲ್ಲಿ ದೋಣಿಗಳ ಮೇಲೆ ಹೇರಿ, ನೆರಳಿಲ್ಲದೆ, ಪಟ್ಟಿ ಬದಲಿಸುವವರಿಲ್ಲದೆ, ಬಸ್ರಾಕ್ಕೆ ಕಳುಹಿದರು. ನಮ್ಮ ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸು ಸ್ಯಾಪರ್ಸ್ ದಳದವರೂ ಈ ಯುದ್ಧರಂಗದಲ್ಲಿ ದುಡಿದವರಾದ್ದರಿಂದ ಇದು ನಮಗೆ ದೂರದ ಕಥೆಯಲ್ಲ. ಭಾರತೀಯ ವೈದ್ಯಸೇವೆಯ ಮೇಜರ್ ಕಾರ್ಟರ್ ಎಂಬಾತನು ಆ ದೋಣಿಗಳನ್ನು ಕಂಡು, ಕಂಡುದನ್ನು ಕಂಡಂತೆ ಬರೆದನು. ಮೇಲಧಿಕಾರಿಗಳು ಅವನನ್ನು ಗದರಿಸಿ ಬಾಯಿ ಮುಚ್ಚಿಸಲು ನೋಡಿದರು, ಅವನು ಮಣಿಯಲಿಲ್ಲ. ವಿಚಾರಣೆ ನಡೆದು 1917ರಲ್ಲಿ ವರದಿ ಪ್ರಕಟವಾದಾಗ, ಭಾರತ ಮಂತ್ರಿಯಾಗಿದ್ದ ಆಸ್ಟಿನ್ ಚೇಂಬರ್ಲೇನನು ರಾಜೀನಾಮೆ ಕೊಟ್ಟನು. ಅರವತ್ತು ವರ್ಷ ಕಳೆದ ಮೇಲೂ ಅದೇ ತಪ್ಪು. ಅದನ್ನು ಬಯಲಿಗೆಳೆದುದೂ ಅದೇ ಬಗೆಯ ದಿಟ್ಟತನ.

ಭಾರತದ ಹೆಣ್ಣುಮಕ್ಕಳ ಹೆಸರು ಈ ಸೇವೆಯಲ್ಲಿ ದೊಡ್ಡದಾಗುವುದು ಇಲ್ಲಿಂದ ಮುಂದೆ. 1926ರಲ್ಲಿ ಭಾರತೀಯ ಸೈನಿಕ ಶುಶ್ರೂಷಾ ಸೇವೆ ಸ್ಥಿರವಾಗಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಈ ದಾದಿಯರಿಗೆ ಸೈನ್ಯದ ಅಧಿಕಾರಿಗಳ ದರ್ಜೆ ದೊರೆಯಿತು. 1976ರಲ್ಲಿ ಈ ಸೇವೆಯ ಜಿ. ಆಲಿ ರಾಮ್ ಅವರು ಮೇಜರ್ ಜನರಲ್ ಪದವಿಗೇರಿದರು. ಭಾರತದ ಸೈನ್ಯದಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆ ಅವರೇ. ಇಂದು ಬೆಂಗಳೂರಿನಲ್ಲಿರುವ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿಯೂ ಈ ಸೇವೆಗೆ ಹೆಣ್ಣುಮಕ್ಕಳನ್ನು ತರಬೇತು ಮಾಡುವ ಕಾಲೇಜಿದೆ.

ಮಗಳು ದಂಡಿನ ದಾದಿಯಾಗುತ್ತೇನೆಂದರೆ ಕೆಲವು ಮನೆಗಳಲ್ಲಿ ಹಿರಿಯರು ಹಿಂದುಮುಂದು ನೋಡುವುದುಂಟು. ನೈಟಿಂಗೇಲಳ ತಾಯಿಯೂ ಹಾಗೆಯೇ ನೋಡಿದವಳು. ಅಂಥವರಿಗೆ ನಾವು ತ್ಯಾಗದ ಮಾತನ್ನು ಹೇಳಹೋಗುವುದಿಲ್ಲ; ಅದನ್ನು ಎಲ್ಲರೂ ಹೇಳುತ್ತಾರೆ. ಈ ಕೆಲಸಕ್ಕೆ ಮರುಕವುಳ್ಳ ಮನಸ್ಸಿನೊಡನೆ ತೆರೆದ ಕಣ್ಣೂ ಬೇಕು, ಕಂಡುದನ್ನು ಬರೆದಿಡುವ ಕೈಯೂ ಬೇಕು, ಬರೆದುದು ತನ್ನನ್ನೇ ಚುಚ್ಚಿದರೂ ಅದನ್ನು ಹರಿದುಹಾಕದ ಧೈರ್ಯವೂ ಬೇಕು ಎಂಬುದನ್ನು ಮಾತ್ರ ಹೇಳುತ್ತೇವೆ. ಸ್ಕುಟಾರಿಯ ಪಡಸಾಲೆಯಲ್ಲಿ ಆ ಕಂದೀಲಿನ ಬೆಳಕನ್ನು ಕಂಡು ಸಾಯುವವರಿಗೆ ಸಮಾಧಾನವಾಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅವರ ತರುವಾಯ ಬಂದವರು ಬದುಕಿದುದು, ಸತ್ತವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದವರೊಬ್ಬರು ಇದ್ದುದರಿಂದ. ಈಗ ತರಗತಿಯಲ್ಲಿ ಆ ಚಿತ್ರವನ್ನು ತೋರಿಸಿದ ಮೇಲೆ, ನಾವು ನೀಲಿ ಬಣ್ಣದ ನಕ್ಷೆಯನ್ನೂ ತೋರಿಸುತ್ತೇವೆ. ಆಗಲೂ ತರಗತಿ ನಿಶ್ಶಬ್ದವಾಗುತ್ತದೆ.