ಮಾತು ತಡವಾಗಿ ಬಂದವಳು

ಹೆಂಗಸರು ರಕ್ತ ಬರುವಂತೆ ಹೊಡೆದಾಡುವುದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ. ಹಾಗಿದ್ದೂ ಅಮೆರಿಕದ ರೋಂಡಾ ರೌಸಿ ನನ್ನ ಮನಸ್ಸಿನಲ್ಲಿ ಉಳಿದಿದ್ದಾಳೆ. ಅದಕ್ಕೆ ಆಕೆಯ ಎರಡು ಪುಸ್ತಕಗಳು ಕಾರಣ. ಅದರಲ್ಲೂ ಮೊದಲನೆಯದರಲ್ಲಿ ಬರೆಯದೆ ಬಿಟ್ಟ ಒಂದು ಸಂಗತಿ.

1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. ಅದರಿಂದಾಗಿ ಆರು ವರ್ಷದ ಹತ್ತಿರ ಹತ್ತಿರದವರೆಗೂ ಪರರಿಗೆ ತಿಳಿಯುವಂತೆ ಮಾತಾಡಲು ಬರಲಿಲ್ಲ. ಮಾತಿನ ಚಿಕಿತ್ಸೆಗೆಂದು ಮನೆಯವರು ಕೊರೆಯುವ ಚಳಿಯ ನಾರ್ತ್ ಡಕೋಟಾಕ್ಕೆ ಸಂಸಾರ ಸಾಗಿಸಿದರು. ಇಂಥ ಮಕ್ಕಳನ್ನು 'ದಡ್ಡ' ಎಂದು ಹಿಂದಿನ ಬೆಂಚಿಗೆ ಕಳಿಸುವುದನ್ನು ಎಷ್ಟು ಶಾಲೆಗಳಲ್ಲಿ ಕಂಡಿಲ್ಲ ನಾವು! ಎಂಟನೆಯ ವಯಸ್ಸಿನಲ್ಲಿ ತಂದೆ ಹೋದರು. ಮುರಿದ ಬೆನ್ನಿನ ವಾಸಿಯಾಗದ ನೋವಿಗೆ ಸೋತು ತಾವೇ ಜೀವ ಕಳೆದುಕೊಂಡರು. ತಾಯಿ ಆನ್‌ಮರಿಯಾ ಡಿ ಮಾರ್ಸ್ ಗಟ್ಟಿಗಿತ್ತಿ. 1984ರಲ್ಲಿ ಜೂಡೋ ವಿಶ್ವ ಪದವಿ ಗೆದ್ದ ಮೊದಲ ಅಮೆರಿಕನ್ ಆಕೆ. ಮಗಳನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದದ್ದೂ ತೋಳು ತಿರುಚುವ ಪಟ್ಟು ಹಾಕಿಯೇ ಅಂತೆ!

ಮಗಳು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಳು. ಪದಕ ಹೊಟ್ಟೆ ತುಂಬಿಸಲಿಲ್ಲ. ಬಾರುಗಳಲ್ಲಿ ಕೆಲಸ ಮಾಡಿಕೊಂಡು ಕೆಲಕಾಲ ಕಾರಿನಲ್ಲೇ ಮಲಗಿದಳು. ಆಮೇಲೆ ಕುಸ್ತಿ, ಗುದ್ದು, ಒದೆತ ಎಲ್ಲ ಬೆರೆತ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್‌ಗೆ ಇಳಿದಳು. ಅದರ ದೊಡ್ಡ ಸಂಸ್ಥೆ ಯು.ಎಫ್.ಸಿ.ಯ ಯಜಮಾನ ಡಾನಾ ವೈಟ್ 2011ರಲ್ಲಿ, ಹೆಂಗಸರು ಇಲ್ಲಿ ಎಂದಿಗೂ ಸೆಣಸುವುದಿಲ್ಲ ಎಂದಿದ್ದರು. ಎರಡೇ ವರ್ಷದಲ್ಲಿ, 2013ರ ಫೆಬ್ರವರಿ 23ರಂದು ಅನಾಹೈಮ್‌ನಲ್ಲಿ, ಅಲ್ಲಿನ ಮೊದಲ ಮಹಿಳಾ ಪಂದ್ಯ ನಡೆದೇ ಹೋಯಿತು. ಎದುರಾಳಿ ಲಿಜ್ ಕಾರ್ಮೂಷ್ ಬೆನ್ನಿಗೇರಿ ಕತ್ತು ತಿರುಚಿದಳು. ಹೇಗೋ ಕೊಡವಿಕೊಂಡ ರೋಂಡಾ ಮೊದಲ ಸುತ್ತಿನಲ್ಲೇ ಅವಳ ತೋಳು ಹಿಡಿದು ಗೆದ್ದಳು. ಅಮ್ಮ ಬೆಳಗಿನ ಹೊತ್ತು ಹಾಕುತ್ತಿದ್ದ ಪಟ್ಟೇ!

2015ರ ಮೇ ತಿಂಗಳಲ್ಲಿ, ಸೋಲೇ ಕಾಣದ ದಿನಗಳಲ್ಲಿ, ಮೊದಲ ಪುಸ್ತಕ 'ಮೈ ಫೈಟ್ / ಯುವರ್ ಫೈಟ್' ಬಂತು. ಪತ್ರಕರ್ತೆಯಾದ ಅಕ್ಕ ಮರಿಯಾ ಬರ್ನ್ಸ್ ಓರ್ಟಿಜ್ ಜೊತೆಯಾಗಿ ಬರೆದರು. ಅಕ್ಕ ಜೊತೆಗಿದ್ದ ಮಾತ್ರಕ್ಕೆ ತಂಗಿ ಲೇಖಕಿಯಲ್ಲವೆನ್ನಲು ನಾನು ಒಪ್ಪುವುದಿಲ್ಲ. ಅದೇ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ, ಐವತ್ತಾರು ಸಾವಿರಕ್ಕೂ ಹೆಚ್ಚು ಜನರ ಮುಂದೆ, ಹಾಲಿ ಹೋಮ್‌ಳ ಒದೆತಕ್ಕೆ ಕುಸಿದಳು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಅಮಾಂಡಾ ನೂನೆಸ್ ಎದುರು ನಿಂತದ್ದು ಬರೀ 48 ಸೆಕೆಂಡು. ಸೋಲು ಅರಗಿಸಿಕೊಳ್ಳಲಾರದ ಜಂಬದವಳೆಂದು ಜನ ಆಡಿಕೊಂಡರು. ಆಕೆ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು 2024ರಲ್ಲಿ, ತಾಯಿಯಾದ ಮೇಲೆ. ಅದೇ ಅಕ್ಕನೊಡನೆ ಬರೆದ 'ಅವರ್ ಫೈಟ್'ನಲ್ಲಿ. ಜೂಡೋ ಕಾಲದಿಂದಲೇ ತಲೆಗೆ ಪೆಟ್ಟುಗಳು ಬಿದ್ದಿದ್ದವು, ಮಿದುಳು ಅದುರಿತ್ತು. ಕಡೆಕಡೆಗೆ ಒಂದು ಏಟು ಬಿದ್ದರೆ ಕಣ್ಣು ಮಂಜಾಗಿ ದೂರ ಹತ್ತಿರ ಅಂದಾಜೇ ಸಿಗುತ್ತಿರಲಿಲ್ಲ. ನೋವು ಬಚ್ಚಿಟ್ಟುಕೊಂಡು ಕೆಲಸಕ್ಕೆ ನಿಲ್ಲುವುದು ನಮಗೇನು ಹೊಸದೇ? ಆದರೆ ಆಕೆಗೆ ಬೇರೆ ದಾರಿಯೇ ಇರಲಿಲ್ಲ. ಹೇಳಿದ ದಿನವೇ ಕಣಕ್ಕಿಳಿಯುವ ಅನುಮತಿ, ಅದರೊಂದಿಗೆ ಅನ್ನ, ಎರಡೂ ಹೋಗುತ್ತಿದ್ದವು.