ಬೈಕಿನಿಂದ ಬಿದ್ದು ಕಲಿತ ಪಾಠವೂ ತಪ್ಪಾಗಿರಬಹುದು!

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ತಿಪಟೂರಿನಿಂದ ನೊಣವಿನಕೆರೆ ಕಡೆ ಹೊರಟಿದ್ದವನು ಹಳ್ಳಿಯೊಂದರ ರಸ್ತೆಗೆ ತಿರುಗಿದೆ. ತಿರುವಿನಲ್ಲೇ ಒಕ್ಕಣೆಗೆಂದು ರಾಗಿ ಹರಡಿದ್ದರು. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದೆ. ಮರುಕ್ಷಣ ಅಪ್ಪನ ಬೈಕು ಒಂದು ಕಡೆ, ನಾನೊಂದು ಕಡೆ. ವೇಗ 20 ಕಿ.ಮೀ. ಕೂಡ ಇರಲಿಲ್ಲ. ಮೊಣಕೈ ತರಚಿದ ನೋವಿಗಿಂತ, ಟೀ ಅಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ಬಂದರಲ್ಲ, ಆ ನಾಚಿಕೆಯೇ ಹೆಚ್ಚಾಗಿತ್ತು. ಬೈಕ್ ಎತ್ತಿಕೊಟ್ಟ ಹಿರಿಯರೊಬ್ಬರು, “ಮುಂದ್ಲ್ ಬ್ರೇಕ್ ಯಾಕಪ್ಪ ಹಿಡ್ಕಂಡೆ? ಅದ್ಕೇ ಬಿದ್ದಿದ್ದು” ಅಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡು ವರ್ಷ ಮುಂದಿನ ಬ್ರೇಕ್ ಮುಟ್ಟಲಿಲ್ಲ. ಆಮೇಲೊಂದು ದಿನ ಕೆ.ಬಿ. ಕ್ರಾಸ್ ಹತ್ತಿರ, ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಗೂಡ್ಸ್ ಆಟೋ ದಿಢೀರನೆ ನಿಂತಿತು. ಹಿಂದಿನ ಬ್ರೇಕನ್ನು ಬಲವಾಗಿ ತುಳಿದೆ. ಚಕ್ರ ತಿರುಗುವುದು ನಿಂತು ಬೈಕು ಜಾರುತ್ತಲೇ ಹೋಗಿ, ಆಟೋಗೆ ಒಂದು ಮೊಳ ದೂರವಿರುವಾಗ ನಿಂತಿತು. ಮೊದಲ ಸಲ ಬಿದ್ದಾಗ ಚರ್ಮ ತರಚಿತ್ತು. ಅದರಿಂದ ಕಲಿತ ತಪ್ಪು ಪಾಠ ಎರಡನೇ ಸಲ ಜೀವವನ್ನೇ ತೆಗೆಯುತ್ತಿತ್ತು.

ನಮ್ಮಲ್ಲಿ ಬಹುತೇಕರು ಬೈಕ್ ಕಲಿಯುವುದು ಅಣ್ಣನಿಂದ, ಗೆಳೆಯರಿಂದ, ಇಲ್ಲವೇ ಬಿದ್ದು. ಹಾಗೆ ಕಲಿತ ಕೆಲವು ಪಾಠಗಳನ್ನು ವಿಜ್ಞಾನದ ಕಣ್ಣಿನಿಂದ ನೋಡೋಣ.

‘ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೀಯ’

ಅರ್ಧ ಸತ್ಯ. ಬ್ರೇಕ್ ಹಾಕಿದಾಗ ಬೈಕಿನ ಮತ್ತು ಸವಾರನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ರಸ್ತೆಯನ್ನು ಬಲವಾಗಿ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನಲ್ಲೇ ಇದೆ. ಹಗುರಾದ ಹಿಂದಿನ ಚಕ್ರವನ್ನು ಮಾತ್ರ ಹಿಡಿದರೆ ಅದು ಬೇಗ ಜಾರುತ್ತದೆ.

ಒಂದು ಅಂದಾಜು ಲೆಕ್ಕ ನೋಡಿ. ಒಣಗಿದ ಡಾಂಬರು ರಸ್ತೆ, 40 ಕಿ.ಮೀ. ವೇಗ. ಎರಡೂ ಬ್ರೇಕ್ ಸರಿಯಾಗಿ ಬಳಸಿದರೆ ಸುಮಾರು 10 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದು ಮಾತ್ರವಾದರೆ 17-18 ಮೀಟರ್ ಬೇಕು. ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ತಡವಾದರೆ, ಆ ಹೊತ್ತಿಗೇ 11 ಮೀಟರ್ ದಾಟಿರುತ್ತೀರಿ. ಅದು ಬೇರೆ ಲೆಕ್ಕ.

ಹಾಗಾದರೆ ನಾನು ಬಿದ್ದದ್ದೇಕೆ? ಟೈರಿಗೆ ಇರುವ ಹಿಡಿತಕ್ಕೆ ಒಂದು ಮಿತಿ ಇದೆ. ತಿರುಗಲು ಮತ್ತು ನಿಲ್ಲಲು ಅದೇ ಹಿಡಿತವನ್ನು ಹಂಚಿಕೊಳ್ಳಬೇಕು. ನಾನು ಹ್ಯಾಂಡಲ್ ತಿರುಗಿಸಿದ್ದೆ, ಹುಲ್ಲಿನ ಮೇಲಿದ್ದೆ, ಬ್ರೇಕನ್ನೂ ಒಮ್ಮೆಲೇ ಒತ್ತಿದ್ದೆ. ತಪ್ಪು ಬ್ರೇಕಿನದಲ್ಲ, ಒತ್ತಿದ ಜಾಗ ಮತ್ತು ರೀತಿಯದು.

ಈ ತಪ್ಪು ನಮ್ಮೂರಿನದು ಮಾತ್ರವಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ‘ಹರ್ಟ್ ವರದಿ’ 1981ರಲ್ಲಿ ಹೊರಬಂತು. ಹೆಚ್ಚಿನ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲಿಲ್ಲ. ಅವರಲ್ಲಿ ಶೇ. 92ರಷ್ಟು ಮಂದಿ ತಾವಾಗಿಯೇ ಅಥವಾ ಮನೆಯವರು, ಗೆಳೆಯರಿಂದ ಬೈಕ್ ಕಲಿತವರು!

ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್, ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಎಬಿಎಸ್ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುತ್ತದೆ. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ.

ರಸ್ತೆಯಲ್ಲಿ ಒಕ್ಕಣೆ ಇದ್ದರೆ?

ಸುಗ್ಗಿ ಕಾಲದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುವುದು ಹೊಸದೇನಲ್ಲ. ಹುಲ್ಲಿನ ಮೇಲೆ ಟೈರು ಡಾಂಬರನ್ನು ಮುಟ್ಟುವುದೇ ಇಲ್ಲ. ಉದುರಿದ ಕಾಳು ಟೈರಿನಡಿ ಪುಟ್ಟ ಗೋಲಿಗಳಂತೆ ಉರುಳುತ್ತದೆ. ಆದ್ದರಿಂದ ಹುಲ್ಲು ಸಿಗುವ ಮೊದಲೇ ವೇಗ ಇಳಿಸಿ. ಅದರ ಮೇಲೆ ನೇರವಾಗಿ ಸಾಗಿ. ಅಲ್ಲಿ ಬ್ರೇಕ್, ತಿರುವು, ಜೋರಾದ ಎಕ್ಸಲರೇಟರ್ ಮೂರೂ ಬೇಡ. ದಾಟಿದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಬಳ್ಳಿ ಸುತ್ತಿಕೊಂಡಿದೆಯೇ, ಬಿಸಿ ಸೈಲೆನ್ಸರಿಗೆ ಹುಲ್ಲು ಅಂಟಿದೆಯೇ ನೋಡಿ. ಒಣಹುಲ್ಲಿಗೆ ಬೆಂಕಿ ಹತ್ತಬಹುದು.

ಬೇಸಿಗೆಯ ಮೊದಲ ಮಳೆಗೂ ಇದೇ ಎಚ್ಚರ ಬೇಕು. ತಿಂಗಳುಗಟ್ಟಲೆ ಕೂತ ಧೂಳು ಮತ್ತು ಎಣ್ಣೆ ನೀರಿನೊಡನೆ ಸೇರಿ ರಸ್ತೆಯನ್ನು ಜಾರುಬಂಡೆ ಮಾಡುತ್ತದೆ.

‘ನಿಧಾನವಾಗಿ ಹೋದರೆ ಬೀಳುವುದಿಲ್ಲ’

ನಿಧಾನವಾಗಿ ಹೋದರೆ ಪೆಟ್ಟು ಕಡಿಮೆ, ನಿಜ. ಆದರೆ ಬೀಳುವ ಸಾಧ್ಯತೆ ಕಡಿಮೆಯಲ್ಲ. ನಾಚಿಕೆಯಾಗುವಂಥ ಪ್ರಸಂಗಗಳು ಹೆಚ್ಚಾಗಿ ನಡೆಯುವುದು ಪೆಟ್ರೋಲ್ ಬಂಕಿನಲ್ಲಿ, ಮನೆಯ ಗೇಟಿನಲ್ಲಿ, ಯು-ಟರ್ನಿನಲ್ಲಿ.

ಬೈಕು ವಾಲಿದ ಕಡೆಗೇ ಮುಂದಿನ ಚಕ್ರ ತಿರುಗಿದಾಗ, ಚಕ್ರಗಳು ಮತ್ತೆ ಭಾರದ ಅಡಿಗೆ ಬರುತ್ತವೆ. ಬೈಕು ಬೀಳದಿರುವುದು ಹೀಗೆ. ತಿರುಗುವ ಚಕ್ರದ ಜೈರೋಸ್ಕೋಪ್ ಗುಣದಿಂದಷ್ಟೇ ದ್ವಿಚಕ್ರ ವಾಹನ ನೆಟ್ಟಗಿರುತ್ತದೆ ಎಂಬ ನಂಬಿಕೆ ಇತ್ತು. ಆ ಗುಣವನ್ನು ಇಲ್ಲವಾಗಿಸಿದ ಸೈಕಲ್ ಕೂಡ ಸವಾರನಿಲ್ಲದೆ ಸಮತೋಲನ ಕಾಯ್ದುಕೊಳ್ಳಬಲ್ಲದು ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು.

ಆದರೆ ಇದೆಲ್ಲ ನಡೆಯಲು ಬೈಕು ಚಲಿಸುತ್ತಿರಬೇಕು. ವೇಗ ತೀರಾ ಕಡಿಮೆಯಾದಾಗ ಸಮತೋಲನದ ಕೆಲಸ ಪೂರ್ತಿ ಸವಾರನ ಮೇಲೆ ಬೀಳುತ್ತದೆ. ಆಗ ಹ್ಯಾಂಡಲ್ ತಿರುಗಿಸಿ ಮುಂದಿನ ಬ್ರೇಕ್ ಒತ್ತಿದರೆ ಬೈಕು ಒಳಗಡೆಗೆ ಮಗುಚುತ್ತದೆ. ಇಂಥ ಕಡೆ ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಮೆಲುವಾದ ಕಾಲು, ಹೋಗಬೇಕಾದ ದಿಕ್ಕಿನತ್ತ ಕಣ್ಣು. ಇವಿಷ್ಟೇ ಸಾಕು.

‘ಗುಂಡಿ ನೋಡುತ್ತಲೇ ಇದ್ದೆ, ಆದರೂ ಅದಕ್ಕೇ ಇಳಿಸಿದೆ’

ಗುಂಡಿಯನ್ನೇ ನೋಡುತ್ತಿದ್ದುದರಿಂದಲೇ ಹಾಗಾಯಿತು. ಹೆದರಿದಾಗ ಕಣ್ಣು ಅಪಾಯದ ಮೇಲೆ ನೆಟ್ಟುಬಿಡುತ್ತದೆ, ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಗುಂಡಿಯನ್ನು ಗುರುತಿಸಿ, ಆಮೇಲೆ ಅದರ ಪಕ್ಕದ ಖಾಲಿ ಜಾಗವನ್ನು ನೋಡಿ.

‘ನೂರು ಕಾಯಿ ತಾನೆ, ಬೈಕಿಗೇ ಹಾಕು’

ಸುಲಿದ ಕಾಯಿ ಒಂದಕ್ಕೆ ಅರ್ಧ ಕಿಲೋ ಎಂದುಕೊಂಡರೂ ನೂರು ಕಾಯಿಗೆ 50 ಕಿಲೋ. ಬೈಕಿನ ತೂಕವೇ 110 ಕಿಲೋ ಆಸುಪಾಸು. ಚೀಲ ಹಿಂದಿನ ಚಕ್ರದ ನಡುವಿಗಿಂತ ಹಿಂದಕ್ಕೆ ಹೋದಷ್ಟೂ ಸನ್ನೆಕೋಲಿನಂತೆ ಮುಂಭಾಗವನ್ನು ಎತ್ತುತ್ತದೆ. ಹ್ಯಾಂಡಲ್ ತೇಲಿದಂತಾಗುತ್ತದೆ, ಹಂಪಿನಲ್ಲಿ ಅದುರುತ್ತದೆ. ಚೀಲದೊಳಗೆ ಕಾಯಿ ಉರುಳಿದರಂತೂ ಭಾರ ಒಮ್ಮೆಲೇ ಒಂದು ಕಡೆಗೆ ಸರಿಯುತ್ತದೆ. ಕಡಿಮೆ ಕಾಯಿ ಹಾಕಿ ಎರಡು ಸಲ ಓಡಾಡಿ. ಚೀಲವನ್ನು ತಗ್ಗಾಗಿ, ಸೀಟಿನ ನಡುವೆ, ಬಿಗಿಯಾಗಿ ಕಟ್ಟಿ.

ಸ್ಟ್ಯಾಂಡ್ ಮತ್ತು ಕೆಂಪು ಸ್ವಿಚ್

ಸೈಡ್ ಸ್ಟ್ಯಾಂಡ್ ತೆಗೆಯದೆ ಹೊರಟರೆ, ಎಡಕ್ಕೆ ವಾಲಿದಾಗ ಅದು ನೆಲಕ್ಕೆ ತಾಗಿ ಬೈಕನ್ನೇ ಮೀಟಿ ಎತ್ತುತ್ತದೆ. ಈಗಿನ ಹಲವು ಬೈಕುಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದೊಡನೆ ಎಂಜಿನ್ ನಿಲ್ಲುತ್ತದೆ, ಹಳೆಯವುಗಳಲ್ಲಿ ಇಲ್ಲ. ಮಳೆಯಾದ ತೋಟದಲ್ಲಿ ನಿಲ್ಲಿಸುವಾಗ ಸ್ಟ್ಯಾಂಡಿನಡಿ ಚಪ್ಪಟೆ ಕಲ್ಲು ಇಡಿ. ಇನ್ನು, ಕಿಕ್ ಹೊಡೆದು ಸುಸ್ತಾಗಿ ಬೈಕನ್ನು ಗ್ಯಾರೇಜಿನವರೆಗೆ ತಳ್ಳಿದ ಮೇಲೆ, ಮೆಕ್ಯಾನಿಕ್ ನಗುತ್ತಾ ಹ್ಯಾಂಡಲಿನ ಕೆಂಪು ಸ್ವಿಚ್ ಒತ್ತಿದ ಅನುಭವ ನನ್ನೊಬ್ಬನದೇ ಅಲ್ಲ ಅಂದುಕೊಂಡಿದ್ದೇನೆ! ಹೊರಡುವ ಮುನ್ನ ಪೆಟ್ರೋಲ್, ಸ್ವಿಚ್, ನ್ಯೂಟ್ರಲ್, ಸ್ಟ್ಯಾಂಡ್ ಎಂದು ಪ್ರತಿದಿನ ಒಂದೇ ಕ್ರಮದಲ್ಲಿ ನೋಡಿದರೆ ಮರೆವು ಕಡಿಮೆಯಾಗುತ್ತದೆ.

‘ಇಲ್ಲೇ ತೋಟಕ್ಕೆ ಹೋಗಲು ಹೆಲ್ಮೆಟ್ ಯಾಕೆ?’

ಬೈಕು ನಿಂತಿದ್ದರೂ, ಒಂದೂವರೆ ಮೀಟರ್ ಎತ್ತರದಿಂದ ಬೀಳುವ ತಲೆ ನೆಲಕ್ಕೆ ಬಡಿಯುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಹರ್ಟ್ ವರದಿಯ ಅಪಘಾತಗಳಲ್ಲೂ ಅರ್ಧದಷ್ಟರಲ್ಲಿ, ಅಪಾಯ ಎದುರಾಗುವ ಮುನ್ನ ಬೈಕಿನ ವೇಗ 48 ಕಿ.ಮೀ.ಗಿಂತ ಹೆಚ್ಚಿರಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42ರಷ್ಟು, ತಲೆ ಪೆಟ್ಟಿನ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ. ಪಟ್ಟಿ ಹಾಕದಿದ್ದರೆ ಬೀಳುವಾಗ ಹೆಲ್ಮೆಟ್ ಕಳಚಿ ಹೋಗುತ್ತದೆ. ಪೆಟ್ಟು ತಡೆಯುವುದು ಒಳಗಿನ ಥರ್ಮಾಕೋಲಿನಂಥ ಪದರ. ಅದು ಒಮ್ಮೆ ಜಜ್ಜಿದರೆ ಮತ್ತೆ ಮೊದಲಿನಂತಾಗದು, ಹಾಗಾಗಿ ಜೋರು ಪೆಟ್ಟು ತಿಂದ ಹೆಲ್ಮೆಟ್ ಬದಲಿಸಿ.

ಬಿದ್ದ ಮೇಲೆ ಏನು ಮಾಡಬೇಕು?

ಬಿದ್ದಾಗ ನಾವು ಮಾಡುವುದು ಎರಡೇ: ಯಾರೂ ನೋಡಲಿಲ್ಲ ತಾನೆ ಎಂದು ಸುತ್ತ ನೋಡುವುದು, ‘ಗ್ರಹಚಾರ’ ಎಂದು ಎದ್ದು ಹೋಗುವುದು. ಅದರ ಬದಲು, ಪೆಟ್ಟಾಗಿದೆಯೇ ನೋಡಿಕೊಂಡ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಟೈರಿನಡಿ ಏನಿತ್ತು? ಹ್ಯಾಂಡಲ್ ನೇರವಾಗಿತ್ತೇ, ತಿರುಗಿತ್ತೇ? ನನ್ನ ಕಣ್ಣು ಎಲ್ಲಿತ್ತು?

ನಾನು ಮತ್ತೆ ಮುಂದಿನ ಬ್ರೇಕ್ ಕಲಿತದ್ದು ಭಾನುವಾರದ ಖಾಲಿ ಮೈದಾನದಲ್ಲಿ. 20 ಕಿ.ಮೀ. ವೇಗದಲ್ಲಿ, ಹ್ಯಾಂಡಲ್ ನೇರವಾಗಿಟ್ಟು, ಬ್ರೇಕನ್ನು ನಿಂಬೆಹಣ್ಣು ಹಿಂಡಿದಂತೆ ಮೆಲ್ಲಗೆ ಒತ್ತುತ್ತಾ, ಹತ್ತಾರು ಸಲ. ಅಂದು ಬೈಕ್ ಎತ್ತಿಕೊಟ್ಟ ಹಿರಿಯರು ಮತ್ತೆ ಸಿಕ್ಕರೆ, “ತಪ್ಪು ಬ್ರೇಕಿಂದಲ್ಲ ಯಜಮಾನ್ರೇ, ತಿರುವಲ್ಲಿ ಹಿಡಿದ ನಂದು” ಅನ್ನುತ್ತೇನೆ.