ಪಟ್ನಾದಲ್ಲಿ ಮೊದಲ ವಿಶ್ವಕಪ್: ಕಾರ್ಕಳದ ಹುಡುಗಿಯ ನಾಯಕತ್ವ

ಸಂಜೆ ಹೊತ್ತು ಠಾಣೆ, ಕಲ್ಯಾಣ, ಡೊಂಬಿವಲಿಯ ಮೈದಾನಗಳ ಪಕ್ಕ ಹಾದುಹೋಗುವಾಗ ‘ಕಬಡ್ಡಿ ಕಬಡ್ಡಿ’ ಎಂಬ ದನಿ ಕೇಳದವರು ನಮ್ಮಲ್ಲಿ ವಿರಳ. ಊರಿನಲ್ಲಿ ಕೊಯ್ಲು ಮುಗಿದ ಗದ್ದೆಯಿಂದ ಕೇಳುತ್ತಿದ್ದ ದನಿಯೂ ಅದೇ. ಆದರೆ ಆ ಅಂಗಳದಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿದ್ದು ಎಷ್ಟು ತಡವಾಗಿ!

1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲೇ ಪುರುಷರ ಕಬಡ್ಡಿ ಪದಕದ ಆಟವಾಯಿತು. ಮಹಿಳೆಯರು 20 ವರ್ಷ ಕಾದರು. 2010ರಲ್ಲಿ ಗುವಾಂಗ್‌ಝೌನಲ್ಲಿ ಅವಕಾಶ ಸಿಕ್ಕ ಮೊದಲ ಸಲವೇ ನಮ್ಮವರು ಚಿನ್ನ ತಂದರು. ಆ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು.

ವಿಶ್ವಕಪ್‌ನ ಕಥೆಯೂ ಇಷ್ಟೇ. ಪುರುಷರ ವಿಶ್ವಕಪ್ 2004ರಲ್ಲಿ ಮುಂಬಯಿಯಲ್ಲಿ, 2007ರಲ್ಲಿ ನಮ್ಮ ನೆರೆಯ ಪನ್ವೇಲ್‌ನಲ್ಲಿ ನಡೆದುಹೋಗಿತ್ತು. ಮಹಿಳೆಯರ ಮೊದಲ ವಿಶ್ವಕಪ್ ನಡೆದದ್ದು 2012ರ ಮಾರ್ಚ್ 1ರಿಂದ 4ರವರೆಗೆ, ಪಟ್ನಾದಲ್ಲಿ. 16 ದೇಶಗಳ ತಂಡಗಳು ಬಂದಿದ್ದವು. ಭಾರತದ ನಾಯಕಿ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. ಅವರ ಜೊತೆಗೆ ಮಹಾರಾಷ್ಟ್ರದ ದೀಪಿಕಾ ಜೋಸೆಫ್, ಸುವರ್ಣಾ ಬಾರಟಕ್ಕೆ, ಅಭಿಲಾಷಾ ಮ್ಹಾತ್ರೆ. ಹುಟ್ಟಿದ ನಾಡೂ ಬದುಕು ಕೊಟ್ಟ ನಾಡೂ ಒಂದೇ ಅಂಗಳದಲ್ಲಿ ಕೈಕೈ ಹಿಡಿದು ನಿಂತ ಹಾಗೆ! ಫೈನಲ್‌ನಲ್ಲಿ ಇರಾನ್ ಸುಲಭಕ್ಕೆ ಸೋಲಲಿಲ್ಲ. ಭಾರತ 25-19ರಿಂದ ಗೆದ್ದಿತು. ಮಹಾರಾಷ್ಟ್ರ ಸರ್ಕಾರ ತನ್ನ ಮೂವರು ಆಟಗಾರ್ತಿಯರಿಗೆ ತಲಾ 1 ಕೋಟಿ ರೂಪಾಯಿ ಘೋಷಿಸಿತು. ಮಮತಾ ಅವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಇಷ್ಟಾದ ಮೇಲೆ ಮುಂದಿನ ವಿಶ್ವಕಪ್ ಬೇಗ ಬರಬೇಕಿತ್ತಲ್ಲವೇ? 13 ವರ್ಷ ಬರಲೇ ಇಲ್ಲ. ಒಬ್ಬ ಆಟಗಾರ್ತಿಯ ಇಡೀ ಆಟದ ಆಯುಷ್ಯ ಅಷ್ಟರಲ್ಲಿ ಮುಗಿದುಹೋಗುತ್ತದೆ. ಈ ನಡುವೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ನಮ್ಮನ್ನು 27-24ರಿಂದ ಸೋಲಿಸಿತು. ಇರಾನ್ ಹುಡುಗಿಯರಿಗೆ ಪಟ್ಟು ಕಲಿಸಿದವರು ನಾಸಿಕ್‌ನ ಶೈಲಜಾ ಜೈನ್! ನಮ್ಮಲ್ಲಿರುವ ವಿದ್ಯೆಗೆ ಬೇರೆಯವರು ಬೆಲೆ ಕೊಟ್ಟರು.

ಕೊನೆಗೆ 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಎರಡನೆಯ ವಿಶ್ವಕಪ್ ನಡೆಯಿತು. ಚೈನೀಸ್ ತೈಪೆಯನ್ನು 35-28ರಿಂದ ಸೋಲಿಸಿ ಭಾರತ ಕಪ್ ಉಳಿಸಿಕೊಂಡಿತು. ತರಬೇತುದಾರರು ಯಾರು ಗೊತ್ತೇ? ಗುವಾಂಗ್‌ಝೌನಲ್ಲಿ ಚಿನ್ನ ಗೆದ್ದಿದ್ದ ಅದೇ ತೇಜಸ್ವಿನಿ ಬಾಯಿ.

ಸಖಿಯರೇ, ನಮ್ಮ ಮಕ್ಕಳನ್ನು ಭರತನಾಟ್ಯಕ್ಕೂ ಸಂಗೀತಕ್ಕೂ ಸಂತೋಷದಿಂದ ಕಳಿಸುತ್ತೇವೆ. ಮಗಳು ಮೊಣಕಾಲು ತರಚಿಕೊಂಡು ಮೈದಾನದಿಂದ ಮನೆಗೆ ಬಂದರೆ ಮಾತ್ರ ಗದರುತ್ತೇವೆ. ಇನ್ನು ಮುಂದೆ ಗಾಯಕ್ಕೆ ಅರಿಶಿನ ಹಚ್ಚಿ, ‘ಎಷ್ಟು ಪಾಯಿಂಟ್ ತಂದೆ ಮಗಾ?’ ಎಂದು ಕೇಳೋಣ.